ಆ ಹತ್ತನೆಯವರು ನಾವೇ

ಷೇರುಪೇಟೆ ಬಿದ್ದ ದಿನ ಬೆಂಗಳೂರಿನಲ್ಲಿ ಅರ್ಥಶಾಸ್ತ್ರಜ್ಞರಲ್ಲದವರು ಸಿಗುವುದು ಕಷ್ಟ. ಜಯನಗರದ ಪಾರ್ಕಿನ ಕಲ್ಲುಬೆಂಚು, ಗಾಂಧಿ ಬಜಾರಿನಲ್ಲಿ ಬೈಟು ಕಾಫಿ ಹಿಡಿದು ನಿಂತ ಗುಂಪು, ಎಚ್‌ಎಸ್‌ಆರ್ ಲೇಔಟಿನ ಪೀಜಿಯ ತಾರಸಿ, ಎಲ್ಲಿ ಕಿವಿಗೊಟ್ಟರೂ ಕಾರಣಗಳದ್ದೇ ಸುರಿಮಳೆ. ಅಮೆರಿಕದ ಬಡ್ಡಿ ದರ, ಚೀನಾದ ಸರಕು, ಕಚ್ಚಾ ತೈಲ, ವಿದೇಶಿ ಹೂಡಿಕೆದಾರರ ಮಾರಾಟ, ರಾಹುವಿನ ಸಂಚಾರ. ಸೂಚ್ಯಂಕ ಏರುತ್ತಿದ್ದಾಗ ಮಾತ್ರ ಇದ್ದದ್ದು ಒಂದೇ ಕಾರಣ: ನಮ್ಮ ಬುದ್ಧಿ. ಆಗ ಅಮೆರಿಕವೂ ಇರಲಿಲ್ಲ, ರಾಹುವೂ ಇರಲಿಲ್ಲ.

2024ರ ಜೂನ್ ಮೊದಲ ವಾರ ಈ ವಿದ್ವತ್ತಿಗೆ ಸುಗ್ಗಿಯ ಕಾಲ. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆ ನಂಬಿಕೊಂಡು ಸೋಮವಾರ, 3ನೇ ತಾರೀಕು, ಸೆನ್ಸೆಕ್ಸ್ 2,507 ಅಂಶ ಜಿಗಿಯಿತು. ಮಂಗಳವಾರ ಮತ ಎಣಿಕೆ. ಸೆನ್ಸೆಕ್ಸ್ 4,390 ಅಂಶ ಬಿತ್ತು. ಹೂಡಿಕೆದಾರರ ಸುಮಾರು 31 ಲಕ್ಷ ಕೋಟಿ ರೂಪಾಯಿ ಕರಗಿತು ಎಂದು ಟೀವಿಯವರು ಕೆಂಪಕ್ಷರದಲ್ಲಿ ಓಡಿಸಿದರು. ಶುಕ್ರವಾರ ಅದೇ ಸೆನ್ಸೆಕ್ಸ್ 76,693ಕ್ಕೆ ಮುಗಿದು ಅಲ್ಲಿಯವರೆಗಿನ ದಾಖಲೆ ಬರೆಯಿತು. ಮಂಗಳವಾರ ಕರಗಿದ್ದು ಶುಕ್ರವಾರ ಗಟ್ಟಿಯಾಗಿ ವಾಪಸ್ ಬಂದಿತ್ತು. ನಡುವೆ ಎಲ್ಲಿಗೆ ಹೋಗಿತ್ತು ಎಂದು ಮಾತ್ರ ಯಾವ ಚಾನೆಲ್ಲೂ ಹೇಳಲಿಲ್ಲ.

ಜೂನ್ 4ಕ್ಕೆ ಮೊದಲೇ ಷೇರು ಕೊಂಡಿಟ್ಟುಕೊಳ್ಳಿ, ಆಮೇಲೆ ಏರುತ್ತದೆ ಎಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರೇ ಮೇ ತಿಂಗಳ ಸಂದರ್ಶನವೊಂದರಲ್ಲಿ ಸಲಹೆ ಕೊಟ್ಟಿದ್ದರು. ಸಲಹೆಯಲ್ಲಿ ದೊಡ್ಡ ತಪ್ಪೇನಿಲ್ಲ, ಮೂರೇ ದಿನ ಹೆಚ್ಚುಕಮ್ಮಿ. ಷೇರು ಕೊಂಡಿದ್ದವರಿಗೆ ಮೂರು ದಿನ ಯಾವ ಲೆಕ್ಕ? ಆದರೆ ಪೀಜಿ ತಾರಸಿಯ ಹುಡುಗರು ಕೊಂಡಿದ್ದು ಷೇರಲ್ಲ, ಕಾಲ್ ಆಪ್ಶನ್. ಮಾರುಕಟ್ಟೆ ಏರುತ್ತದೆ ಎಂಬ ಪಂದ್ಯ ಅದು, ಅದಕ್ಕೊಂದು ಗಡುವಿನ ತಾರೀಕು, ಅಂದರೆ ಎಕ್ಸ್‌ಪೈರಿ. ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯ ಗಡುವು ಬುಧವಾರ, ನಿಫ್ಟಿಯದ್ದು ಗುರುವಾರ. ಶುಕ್ರವಾರ ಪೇಟೆ ದಾಖಲೆ ಬರೆಯುವಾಗ ಸೋಮವಾರದ ಕಾಲ್‌ಗಳೆಲ್ಲ ಸೊನ್ನೆಯಾಗಿ ತಣ್ಣಗಾಗಿದ್ದವು. "ನಮ್ ವ್ಯೂ ಕರೆಕ್ಟಾಗೇ ಇತ್ತು ಸಾರ್, ಎಕ್ಸ್‌ಪೈರಿ ಕೈಕೊಡ್ತು" ಎಂದ ಒಬ್ಬ, ಮೊಬೈಲಿನ ಕೆಂಪು ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು.

ಆಗೆಲ್ಲ ವಾರದ ಐದೂ ದಿನ ಒಂದಲ್ಲ ಒಂದು ಸೂಚ್ಯಂಕದ ಎಕ್ಸ್‌ಪೈರಿ. ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶುಕ್ರವಾರ ಲಕ್ಷ್ಮಿಗೆ ಎಂದು ದಿನ ಹಂಚಿಕೊಂಡು ಬಾಳಿದ ಊರಿಗೆ ಇದು ಕಷ್ಟವೇನೂ ಆಗಲಿಲ್ಲ: ಸೋಮವಾರ ಮಿಡ್‌ಕ್ಯಾಪ್, ಮಂಗಳವಾರ ಫಿನ್‌ನಿಫ್ಟಿ, ಬುಧವಾರ ಬ್ಯಾಂಕ್ ನಿಫ್ಟಿ, ಗುರುವಾರ ನಿಫ್ಟಿ, ಶುಕ್ರವಾರ ಸೆನ್ಸೆಕ್ಸ್. ಎಲ್ಲ ದೇವರಿಗೂ ಹುಂಡಿ ಒಂದೇ. 2024ರ ನವೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು ಒಂದು ಎಕ್ಸ್‌ಚೇಂಜಿಗೆ ವಾರಕ್ಕೊಂದೇ ಎಕ್ಸ್‌ಪೈರಿ ಎಂದು ಕತ್ತರಿ ಹಾಕಿದಾಗ ಭಕ್ತಾದಿಗಳಿಗೆ ಆದ ನೋವು ಅಷ್ಟಿಷ್ಟಲ್ಲ.

ಇದಕ್ಕೂ ಮೊದಲು ಸೆಬಿ ಇನ್ನೊಂದು ಪ್ರಯೋಗ ಮಾಡಿತ್ತು. 2023ರ ಜುಲೈನಿಂದ ಬ್ರೋಕರ್ ಆ್ಯಪ್ ತೆರೆದರೆ ಮೊದಲು ಒಂದು ಎಚ್ಚರಿಕೆ ಬರಬೇಕು: ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಶನ್ಸ್) ಆಡುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ನಷ್ಟ. ಕೆಳಗೊಂದು ಬಟನ್. ಒತ್ತಿದರೆ ಎಚ್ಚರಿಕೆ ಮಾಯ, ಪೇಟೆ ಪ್ರತ್ಯಕ್ಷ. ಬೆಳಿಗ್ಗೆ 9.15ಕ್ಕೆ ಮೆಟ್ರೋದಲ್ಲಿ ಪಕ್ಕದವನ ಹೆಬ್ಬೆರಳನ್ನೊಮ್ಮೆ ಗಮನಿಸಿ. ಎಚ್ಚರಿಕೆ ಮೂಡುವ ಮುಂಚೆಯೇ ಬಟನ್ ಇರುವ ಜಾಗಕ್ಕೆ ಹೋಗಿ ಕಾಯುತ್ತಿರುತ್ತದೆ.

ಆಮೇಲೆ ಸೆಬಿಯೇ ಲೆಕ್ಕ ಹಾಕಿತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿಗೆ ನಷ್ಟ, ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮತ್ತೆ ಅದೇ ಆಟಕ್ಕೆ ಕೂತಿದ್ದರು. ಗೆದ್ದ ದೊಡ್ಡ ಸಂಸ್ಥೆಗಳ ಲಾಭವೆಲ್ಲ ಹೆಚ್ಚುಕಡಿಮೆ ಕಂಪ್ಯೂಟರ್ ತಾನೇ ಆಡುವ ಅಲ್ಗೊ ವ್ಯಾಪಾರದಿಂದ ಬಂದದ್ದು. ಅಂದರೆ ಆ ಕಡೆ ಯಂತ್ರ ಕೂತಿದೆ, ಈ ಕಡೆ ಆಫೀಸಿನ ಶೌಚಾಲಯದಲ್ಲಿ ನಮ್ಮ ಹುಡುಗ ಕೂತಿದ್ದಾನೆ. ಈ ಅಂಕಿಗಳನ್ನು ಪಾರ್ಕಿನಲ್ಲಿ ಓದಿ ಹೇಳಿದೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಫ್ಲರ್ ಸರಿಪಡಿಸಿಕೊಂಡು, "ಆ ಒಂಬತ್ತು ಜನಕ್ಕೆ ಡಿಸಿಪ್ಲಿನ್ ಇರಲ್ಲ ಕಣ್ರೀ" ಎಂದರು. ಉಳಿದವರು ತಲೆಯಾಡಿಸಿದರು. ಆ ಒಂಬತ್ತು ಜನರಲ್ಲಿ ಒಬ್ಬರನ್ನೂ ನಾನು ಈ ಊರಲ್ಲಿ ಇದುವರೆಗೆ ಕಂಡಿಲ್ಲ. ಹತ್ತನೆಯವರು ಮಾತ್ರ ದಂಡುದಂಡಾಗಿ ಸಿಗುತ್ತಾರೆ.

ಈ ನಿವೃತ್ತ ಅಧಿಕಾರಿಗಳಿಗೆ ಪ್ರಿಯವಾದ ವಿಷಯ 1929ರ ಅಮೆರಿಕದ ಷೇರುಪೇಟೆ ಕುಸಿತ. ಅಲ್ಲಿ ಜನ ಕಿಟಕಿಯಿಂದ ಹಾರಿದರು ಎಂದು ಶುರು ಮಾಡುತ್ತಾರೆ. ಕಿಟಕಿಯ ಕತೆ ಬಹುಪಾಲು ದಂತಕತೆ. ಹಾರಿದ್ದಕ್ಕಿಂತ ಹತ್ತಿದ್ದರ ಕತೆ ಚೆನ್ನಾಗಿದೆ. ಆಗ ನ್ಯೂಯಾರ್ಕಿನಲ್ಲಿ ಹತ್ತು ಡಾಲರ್ ಕೈಯಿಂದ ಹಾಕಿದರೆ ಬ್ರೋಕರ್ ತೊಂಬತ್ತು ಸಾಲ ಕೊಟ್ಟು ನೂರರ ಷೇರು ಕೊಡಿಸುತ್ತಿದ್ದ. ಷೇರು ನೂರಹತ್ತಾದರೆ ಹಾಕಿದ ಹಣ ದುಪ್ಪಟ್ಟು, ಮನುಷ್ಯ ಮೇಧಾವಿ. ತೊಂಬತ್ತಾದರೆ ಹಾಕಿದ್ದು ಪೂರಾ ಮಂಗಮಾಯ, ಇನ್ನಷ್ಟು ಕಟ್ಟಿ ಎಂದು ಬ್ರೋಕರ್ ಫೋನ್ ಮಾಡುತ್ತಾನೆ. ಕಟ್ಟದಿದ್ದರೆ ಅವನೇ ಷೇರು ಮಾರುತ್ತಾನೆ. ಅವನು ಮಾರಿದ್ದರಿಂದ ಬೆಲೆ ಇನ್ನಷ್ಟು ಇಳಿಯುತ್ತದೆ, ಇಳಿದದ್ದರಿಂದ ಪಕ್ಕದ ಮನೆಯ ಮೇಧಾವಿಗೂ ಫೋನ್ ಹೋಗುತ್ತದೆ. ಯಾರಿಗೂ ಮಾರುವ ಮನಸ್ಸಿಲ್ಲ, ಆದರೂ ಎಲ್ಲರೂ ಮಾರುತ್ತಿದ್ದಾರೆ. ಅಕ್ಟೋಬರ್ 29, ಮಂಗಳವಾರ, ಒಂದೇ ದಿನ ಸುಮಾರು 1.6 ಕೋಟಿ ಷೇರು ಕೈಬದಲಾದವು. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್, ಷೇರು ಬೆಲೆಗಳು ಶಾಶ್ವತವಾದ ಎತ್ತರ ತಲುಪಿದಂತೆ ಕಾಣುತ್ತದೆ ಎಂದು ಅಪ್ಪಣೆ ಕೊಡಿಸಿದ್ದರು. ಸೆಪ್ಟೆಂಬರಿನಲ್ಲಿ 381 ಇದ್ದ ಅಲ್ಲಿನ ಸೂಚ್ಯಂಕ ಡೌ ಜೋನ್ಸ್ 1932ರ ಜುಲೈ ಹೊತ್ತಿಗೆ 41ಕ್ಕೆ ಬಂದು ಕೂತಿತು. ಮತ್ತೆ ಆ ಶಾಶ್ವತ ಎತ್ತರ ಮುಟ್ಟಿದ್ದು 1954ರಲ್ಲಿ. ಲಾಂಗ್ ಟರ್ಮ್ ಹೂಡಿಕೆ ಎಂದರೆ ಇದಪ್ಪಾ!

"ಅದು ಅಮೆರಿಕ. ನಮ್ಮಲ್ಲಿ ಸಾಲ ಮಾಡಿ ಷೇರು ತಗೊಳ್ಳೋರು ಯಾರಿದ್ದಾರೆ?" ಎಂದು ಅಧಿಕಾರಿಗಳು ಕೇಳುವುದಕ್ಕೂ, ಐದು ನಿಮಿಷದಲ್ಲಿ ಪರ್ಸನಲ್ ಲೋನ್, ದಾಖಲೆ ಬೇಕಿಲ್ಲ ಎಂದು ಬೆಂಚಿನ ಮೇಲಿದ್ದ ಮೂರು ಫೋನುಗಳು ಒಟ್ಟಿಗೆ ಟಿಣ್ ಎನ್ನುವುದಕ್ಕೂ ಸರಿಹೋಯಿತು.

ಪಾರ್ಕಿನ ಉಪನ್ಯಾಸ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಇಡ್ಲಿ ಆರುತ್ತದಲ್ಲ. ಆದರೆ ಅಸಲಿ ತಮಾಷೆ ಇರುವುದು ಬಿದ್ದ ಮೇಲೆ. 1929ರಲ್ಲಿ ಅಮೆರಿಕದ ಜನಸಂಖ್ಯೆ ಸುಮಾರು 12 ಕೋಟಿ, ಬ್ರೋಕರುಗಳ ಬಳಿ ಖಾತೆ ಇದ್ದವರು 15 ಲಕ್ಷದ ಆಸುಪಾಸು. ಆಡಿದವರು ಇಷ್ಟು ಜನ. ನಂತರ ಮೂರ್ನಾಲ್ಕು ವರ್ಷದಲ್ಲಿ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು. ಠೇವಣಿಗೆ ಕೇಂದ್ರ ಸರ್ಕಾರದ ವಿಮೆ ಇನ್ನೂ ಬಂದಿರಲಿಲ್ಲ, ಷೇರಿನ ಮುಖ ನೋಡದ ಮುದುಕಿಯ ಉಳಿತಾಯವೂ ಅದರ ಜೊತೆಗೇ ಹೋಯಿತು. ಹಣದ ಹರಿವು ಬತ್ತುತ್ತಿದ್ದರೂ ಕೇಂದ್ರ ಬ್ಯಾಂಕು ಕೈಕಟ್ಟಿ ನೋಡಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಇಷ್ಟು ಸಾಲದು ಎಂಬಂತೆ 1930ರಲ್ಲಿ ಆಮದು ಸುಂಕ ಏರಿಸುವ ಕಾಯ್ದೆ. ಬೇಡಿ ಸ್ವಾಮಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಅರ್ಜಿ ಬರೆದರೂ ಅಧ್ಯಕ್ಷ ಹೂವರ್ ಸಹಿ ಹಾಕಿದರು. ಬೇರೆ ದೇಶಗಳೂ ಸೇಡಿಗೆ ಸುಂಕ ಜಡಿದವು, ಲೋಕದ ವ್ಯಾಪಾರ ನೆಲ ಕಚ್ಚಿತು. ಆ ಪಾಠ ಅಮೆರಿಕಕ್ಕೆ ಎಷ್ಟು ಹಿಡಿಸಿತೆಂದರೆ 2025ರ ಏಪ್ರಿಲಿನಲ್ಲಿ ಅದೇ ಸುಂಕದ ಪುಸ್ತಕ ತೆಗೆದು ಮೊದಲ ಪುಟದಿಂದ ಮತ್ತೆ ಓದಲು ಕೂತರು. ಏಪ್ರಿಲ್ 7ರಂದು ನಮ್ಮ ಸೆನ್ಸೆಕ್ಸ್ 2,227 ಅಂಶ ಬಿತ್ತು. ಪಾರ್ಕಿನಲ್ಲಿ ಅಂದು ಬೆಂಚು ಸಾಲಲಿಲ್ಲ.

ವಾಲ್ ಸ್ಟ್ರೀಟ್ ಎಂಬ ಬೀದಿ ಎಲ್ಲಿದೆಯೆಂದು ಗೊತ್ತಿಲ್ಲದ ಚನ್ನಪಟ್ಟಣ, ಕನಕಪುರದ ಕಡೆಯ ರೇಷ್ಮೆ ಬೆಳೆಗಾರರೂ ಆ ಬಿಲ್ಲಿನಲ್ಲಿ ಪಾಲು ಕೊಟ್ಟವರೇ. ಮುಗ್ಗಟ್ಟಿನ ಕಾಲದಲ್ಲಿ ರೇಷ್ಮೆಯ ಬೆಲೆ ಕುಸಿಯಿತು, ಮೇಲಿಂದ ಜಪಾನು, ಚೀನಾದ ಅಗ್ಗದ ರೇಷ್ಮೆ ಬಂದು ಬಿತ್ತು, ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ತೋಟಗಳೇ ಕಡಿಮೆಯಾದವು. ಧಾನ್ಯದ ಬೆಲೆಯೂ ಬಿದ್ದು, ಕಂದಾಯ ಕಟ್ಟಲು, ಸಾಲ ತೀರಿಸಲು ದೇಶದುದ್ದಕ್ಕೂ ರೈತರ ಮನೆಯ ಒಡವೆ ಅಂಗಡಿಗೆ ಹೋಯಿತು. 1931ರ ನಂತರ ಆ ಚಿನ್ನ ಬೊಂಬಾಯಿಯಿಂದ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಶಾಶ್ವತ ಎತ್ತರಕ್ಕೆ ಹತ್ತಿದವರು ಅಲ್ಲಿ, ಓಲೆ ಬಿಚ್ಚಿಕೊಟ್ಟವರು ಇಲ್ಲಿ. ಕೆಲಸ ಹಂಚಿಕೊಳ್ಳುವುದೆಂದರೆ ಇದು.

ಬೆಂಗಳೂರಿಗೂ ಸ್ವಂತದ್ದೊಂದು ಷೇರು ವಿನಿಮಯ ಕೇಂದ್ರ ಇತ್ತು, ಜೆ.ಸಿ. ರಸ್ತೆಯಲ್ಲಿ. 1963ರಲ್ಲಿ ಹುಟ್ಟಿತು. 1992ರಲ್ಲಿ ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣ ಸುರಿದು ಇನ್ನೂರು ಚಿಲ್ಲರೆ ರೂಪಾಯಿಯ ಎಸಿಸಿ ಸಿಮೆಂಟ್ ಷೇರನ್ನು ಒಂಬತ್ತು ಸಾವಿರಕ್ಕೆ ಏರಿಸಿದ್ದನ್ನೂ, ಅದು ಬಿದ್ದದ್ದನ್ನೂ ನೋಡಿತು. 2014ರಲ್ಲಿ ಬಾಗಿಲು ಹಾಕಿಕೊಂಡಿತು. ಪೇಟೆ ಎಲ್ಲರ ಜೇಬಿಗೇ ಬಂದಮೇಲೆ ರಸ್ತೆಯಲ್ಲಿ ಯಾಕೆ? ಜೆ.ಸಿ. ರಸ್ತೆಯಲ್ಲಿ ಈಗ ಬಂಪರ್, ಹೆಡ್‌ಲೈಟ್, ಮುಂದಿನ ಗಾಜು ಸಿಗುತ್ತವೆ. ಗುದ್ದಿಕೊಂಡ ಮೇಲೆ ಬೇಕಾದ ಸಾಮಾನು ಇಟ್ಟವರ ವ್ಯಾಪಾರ ಮಾತ್ರ ಯಾವತ್ತೂ ಬಿದ್ದಿಲ್ಲ.

2008ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಹೂಡಿಕೆ ಬ್ಯಾಂಕು ಲೀಮನ್ ಬ್ರದರ್ಸ್ ದಿವಾಳಿಯಾಯಿತು. ಕೆಲವೇ ತಿಂಗಳಲ್ಲಿ ಇಲ್ಲಿ ಐಟಿ ಪ್ರಾಜೆಕ್ಟುಗಳು ನಿಂತವು, ಹುಡುಗರು ಕೆಲಸವಿಲ್ಲದೆ ಬೆಂಚಿಗೆ ಬಂದರು (ಪಾರ್ಕಿನದ್ದಲ್ಲ, ಆಫೀಸಿನದ್ದು, ಕೆಲವರಿಗೆ ಆಮೇಲೆ ಪಾರ್ಕಿನದ್ದೂ). ಬಿಟಿಎಂ ಲೇಔಟಿನ ಗೇಟುಗಳಿಗೆ ಟು-ಲೆಟ್ ಬೋರ್ಡು ಬಂತು. ಹೊಂಗೆ ಮರದಡಿಯ ಇಸ್ತ್ರಿ ಗಾಡಿಯಲ್ಲಿ ಎದೆಯೆತ್ತರ ಇರುತ್ತಿದ್ದ ಶರ್ಟಿನ ರಾಶಿ ಮೊಣಕಾಲಿಗಿಳಿಯಿತು. ಇಸ್ತ್ರಿಯವನಿಗೆ ಷೇರು ಇಡುವ ಡಿಮ್ಯಾಟ್ ಖಾತೆ ಇರಲಿಲ್ಲ. ಯಾರೂ ಅವನಿಗೆ ಯಾವ ಎಚ್ಚರಿಕೆಯನ್ನೂ ತೋರಿಸಿ ಬಟನ್ ಒತ್ತಿಸಿಕೊಂಡಿರಲಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನದೊಂದು ಮನವಿ. ಹತ್ತನೆಯವರಿಗೆ ಎಚ್ಚರಿಕೆ ಕೊಟ್ಟು ಪ್ರಯೋಜನವಿಲ್ಲ. ಅವರ ಸುತ್ತಮುತ್ತಲಿನವರಿಗೆ ಕೊಡಿ. ಅಡುಗೆಯವರ ಫೋನಿಗೆ ಬೆಳಿಗ್ಗೆಯೇ ಒಂದು ಸಂದೇಶ ಹೋಗಲಿ: "ಮಾನ್ಯರೇ, ಮೂರನೇ ಮಹಡಿಯ ಮನೆಯವರು ಇಂದು ನಿಫ್ಟಿ ಕಾಲ್ ಖರೀದಿಸಿದ್ದಾರೆ. ನಿಮ್ಮ ಮುಂದಿನ ತಿಂಗಳ ಸಂಬಳ ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿದೆ. ದಯವಿಟ್ಟು ಅವರ ಮುಖವನ್ನು ಗಮನವಿಟ್ಟು ಓದಿ." ಬಾಡಿಗೆದಾರರಿಗೆ: "ನಿಮ್ಮ ಹತ್ತು ತಿಂಗಳ ಅಡ್ವಾನ್ಸನ್ನು ಓನರ್ ಸಣ್ಣ ಕಂಪನಿಗಳ ಸ್ಮಾಲ್‌ಕ್ಯಾಪ್ ಷೇರಿನಲ್ಲಿ ಹಾಕಿದ್ದಾರೆ. ಮನೆ ಖಾಲಿ ಮಾಡುವ ಯೋಚನೆ ಸದ್ಯಕ್ಕೆ ಬೇಡ." ಹೆಣ್ಣು ಕೊಟ್ಟ ಮಾವನಿಗೆ ಬೇರೆ ಭಾಷೆಯಲ್ಲಿ, ಸ್ವಲ್ಪ ಮೃದುವಾಗಿ.

ಈ ಮನವಿಯನ್ನು ಪಾರ್ಕಿನಲ್ಲಿ ಓದಿ ಸಹಿ ಕೇಳಿದೆ. ಅಧಿಕಾರಿಗಳು ಪೆನ್ನನ್ನೇನೋ ತೆಗೆದರು, ಎರಡು ಸಲ ಓದಿದರು, ಮತ್ತೆ ಜೇಬಿಗಿಟ್ಟುಕೊಂಡರು.

"ಬೇಡಿ ಬಿಡ್ರೀ. ಸುಮ್ನೆ ಮಾರ್ಕೆಟ್ ಸೆಂಟಿಮೆಂಟ್ ಹಾಳಾಗುತ್ತೆ."