ನೆಟ್ಟಿ ಅಂದರೆ ಯಾರ ಹೆಸರೂ ಅಲ್ಲ

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ.

ವಾರ್ಡಿನಲ್ಲಿ ರೌಂಡ್ಸ್ ನಡೆಯುತ್ತಿತ್ತು. ಲಂಡನ್ ಕಡೆಯಿಂದ ಹೊಸದಾಗಿ ಬಂದ ಡಾಕ್ಟರು, ಅವರ ಹಿಂದೆ ಮೂವರು ವಿದ್ಯಾರ್ಥಿಗಳು. ನಾಲ್ಕನೇ ಬೆಡ್ಡಿನ ಅಜ್ಜಿ ಹೇಗಿದ್ದಾರೆ ಅಂತ ಕೇಳಿದರು. ಅಜ್ಜಿಗೆ ಮೈ ಒರೆಸಿ, ತಿಂಡಿ ತಿನ್ನಿಸಲು ಪಕ್ಕದಲ್ಲಿ ಕೂತಿದ್ದವಳು ನಮ್ಮ ಹೆಲ್ತ್‌ಕೇರ್ ಅಸಿಸ್ಟೆಂಟ್ ಹುಡುಗಿ. 19 ವರ್ಷ. ಇಲ್ಲೇ ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಟೈನ್ ನದಿಯ ದಡದಲ್ಲಿ ಹುಟ್ಟಿ ಬೆಳೆದವಳು. ‘ಇವತ್ತು ಸ್ವಲ್ಪ ಫೆಮ್ಮರ್ ಆಗಿದ್ದಾರೆ’ ಅಂದಳು. ಫೆಮ್ಮರ್ ಅಂದರೆ ನಿತ್ರಾಣ, ಮುಟ್ಟಿದರೆ ಮುರಿದುಹೋಗುವ ಹಾಗಿರುವುದು. ಅವಳ ಅಜ್ಜಿಯಿಂದ ಅವಳ ಬಾಯಿಗೆ ಬಂದ ಮಾತು. ಡಾಕ್ಟರು ನಕ್ಕು, ‘ಅದನ್ನೇ ಇಂಗ್ಲಿಷಿನಲ್ಲಿ ಹೇಳ್ತೀಯಾ?’ ಅಂದರು. ಹಿಂದಿದ್ದವರೂ ನಕ್ಕರು.

ಹುಡುಗಿಗೆ ಕುತ್ತಿಗೆಯಿಂದ ಕಿವಿಯ ತನಕ ಕೆಂಪಾಯಿತು. ‘ವೀಕ್’ ಅಂದಳು. ಅಷ್ಟೇ. ಅಜ್ಜಿ ಗಂಜಿ ಮುಟ್ಟಿರಲಿಲ್ಲ. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಅದನ್ನೆಲ್ಲ ಅವಳು ಅರ್ಧ ಗಂಟೆ ಮೊದಲು ನನಗೆ ಹೇಳಿದ್ದಳು. ಡಾಕ್ಟರಿಗೆ ಹೇಳಲಿಲ್ಲ. ನಾನು ಹೇಳಬೇಕಾಯಿತು. ಆಮೇಲೆ ಇಡೀ ದಿನ ಅವಳ ದನಿಯೇ ಬೇರೆ. ಒಂದೊಂದೇ ಪದ ಅಳೆದು ಸುರಿದ ಹಾಗೆ.

ಇಂಗ್ಲಿಷಿನಲ್ಲಿ ಹೇಳಬೇಕಂತೆ! ಇಂಗ್ಲೆಂಡಿನಲ್ಲಿ ಹುಟ್ಟಿದ ಹುಡುಗಿಗೆ, ಅವಳದೇ ಊರಿನಲ್ಲಿ ನಿಂತು ಹೇಳುವ ಮಾತಾ ಇದು?

ನಾನು ಕುಂದಾಪುರದಿಂದ ಇಲ್ಲಿ ನ್ಯೂಕ್ಯಾಸಲ್‌ಗೆ ಬಂದು 11 ವರ್ಷ ಆಯಿತು, ನಿಮಗೆಲ್ಲ ಗೊತ್ತು. ಆಗ ಹೊರದೇಶದಿಂದ ಬರುವ ನರ್ಸುಗಳಿಗೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 7 ಬೇಕಿತ್ತು. ಲಿಸನಿಂಗ್‌ನಲ್ಲಿ ನನಗೆ 8 ಬಂದಿತ್ತು. ಆ ಧೈರ್ಯದಲ್ಲೇ ವಿಮಾನ ಹತ್ತಿದ್ದೆ.

ಎರಡನೇ ವಾರ. ಒಬ್ಬರು ಅಜ್ಜ, ಹಳೆಯ ಹಡಗುಕಟ್ಟೆಯ ಕೆಲಸಗಾರ, ನನ್ನ ಕೈ ಹಿಡಿದು ‘ನೆಟ್ಟಿ, ಹಿನ್ನಿ, ನೆಟ್ಟಿ’ ಅಂದರು. ಹಿನ್ನಿ ಅಂದರೆ ಮಗಳೇ, ಚಿನ್ನ ಅನ್ನುವ ಹಾಗೆ. ಅದು ಹೇಗೋ ಗೊತ್ತಾಗಿತ್ತು. ನೆಟ್ಟಿ ಗೊತ್ತಿರಲಿಲ್ಲ. ಹೆಂಡತಿಯದೋ ಮಗಳದೋ ಹೆಸರಿರಬೇಕು ಅಂದುಕೊಂಡೆ. ‘ಎರಡು ಗಂಟೆಗೆ ವಿಸಿಟಿಂಗ್, ಆಗ ಬರ್ತಾರೆ’ ಅಂತ ಸಮಾಧಾನ ಹೇಳಿ ಮುಂದಿನ ಬೆಡ್ಡಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿತ್ತು. ನೆಟ್ಟಿ ಅಂದರೆ ಶೌಚಾಲಯ. ಅಜ್ಜ ಕಣ್ಣು ತುಂಬಿಕೊಂಡು ನನ್ನಲ್ಲಿ ಕ್ಷಮೆ ಕೇಳಿದರು. ನನ್ನಲ್ಲಿ!

ಆ ದಿನ ರಾತ್ರಿ ಒಂದು ಸಣ್ಣ ನೋಟ್‌ಬುಕ್ ತಗೊಂಡೆ. ಮೊದಲ ಸಾಲಿನಲ್ಲಿ ನೆಟ್ಟಿ. ಆಮೇಲೆ ಬೇರ್ನ್, ಅಂದರೆ ಮಗು. ಸ್ಪೆಲ್ಕ್, ಕೈಗೆ ಚುಚ್ಚಿದ ಸಿಬಿರು. ಬೇಟ್, ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ. ಇಲ್ಲಿ ಡಿನ್ನರ್ ಅಂದರೆ ಮಧ್ಯಾಹ್ನದ ಊಟ, ಟೀ ಅಂದರೆ ಸಂಜೆಯ ಊಟ ಅನ್ನುವುದನ್ನೂ ಬರೆದುಕೊಂಡೆ. ‘ಟೀ ಆದ ಮೇಲೆ ಮಾತ್ರೆ ತಗೊಂಡೆ’ ಅಂತ ರೋಗಿ ಹೇಳಿದರೆ ಅದು ಯಾವ ಹೊತ್ತು ಅಂತ ನರ್ಸಿಗೆ ಗೊತ್ತಿರಬೇಕಲ್ಲ. ಆರು ತಿಂಗಳಲ್ಲಿ ಕಿವಿ ಹದಕ್ಕೆ ಬಂತು. ಯಾರಿಗೂ ‘ಸರಿಯಾಗಿ ಮಾತಾಡಿ’ ಅನ್ನಬೇಕಾಗಲಿಲ್ಲ. ಏಳು ಸಮುದ್ರ ದಾಟಿ ಬಂದ ನಾನು ಕಲಿತೆ. ಮೂರು ಗಂಟೆ ರೈಲಿನಲ್ಲಿ ಕೂತು ಬಂದವರಿಗೆ ಆಗುವುದಿಲ್ಲವಾ?

ಅರ್ಥ ಆಗದಿದ್ದರೆ ಅದು ಯಾವಾಗಲೂ ಆಡಿದವರ ತಪ್ಪು. ಕೇಳುವವರದು ಯಾಕೆ ಆಗುವುದಿಲ್ಲ? ನನ್ನ ಸಿಟ್ಟೆಲ್ಲ ಇಷ್ಟೇ.

ಮನೆಗೆ ಹೋಗುವುದಕ್ಕೆ ಜಿಯೋರ್ಡಿಗಳು, ಅಂದರೆ ಈ ಟೈನ್ ದಡದ ಜನ, ‘ಗ್ಯಾನ್ ಯೆಮ್’ ಅನ್ನುತ್ತಾರೆ. ಗ್ಯಾನ್ ಅಂದರೆ ಹೋಗು, ಯೆಮ್ ಅಂದರೆ ಮನೆ. ಕೆಟ್ಟುಹೋದ ಇಂಗ್ಲಿಷ್ ಅಂತ ಹೊರಗಿನವರು ನಗುತ್ತಾರೆ. ಆದರೆ ಈ ಗ್ಯಾನ್, ಬೇರ್ನ್ ಎಲ್ಲ ಸಾವಿರ ವರ್ಷ ಹಿಂದಿನ ಇಂಗ್ಲಿಷಿನ ಪದಗಳು. ಲಂಡನ್ ಬಿಟ್ಟುಬಿಟ್ಟಿತು, ಇವರು ಇಟ್ಟುಕೊಂಡರು. ಯೆಮ್ ಅಂತೂ ಇವತ್ತಿಗೂ ನಾರ್ವೆ, ಡೆನ್ಮಾರ್ಕಿನಲ್ಲಿ ಹೆಚ್ಚುಕಡಿಮೆ ಹಾಗೇ ಇದೆ. ಇದು ತಿಳಿದ ದಿನ ನನಗೆ ನಮ್ಮೂರು ನೆನಪಾಯಿತು. ನಮ್ಮ ಕುಂದಾಪ್ರ ಕನ್ನಡದ ‘ಹೋಪ’, ‘ಬಪ್ಪುದು’ ಕೂಡ ಹೀಗೇ ಅಲ್ವಾ? ಹಳಗನ್ನಡದ ಪೋಪ, ಬರ್ಪುದು ನಮ್ಮ ಮನೆ ಜಗಲಿಯಲ್ಲಿ ಇನ್ನೂ ಉಸಿರಾಡುತ್ತಿವೆ.

ನರ್ಸಿಂಗ್ ಓದುವಾಗ ಬೆಂಗಳೂರಿನ ಹಾಸ್ಟೆಲಿನಲ್ಲಿ ಮೊದಲ ವಾರ ‘ಊಟಕ್ಕೆ ಹೋಪ’ ಅಂದಿದ್ದೆ. ಆರು ತಿಂಗಳು ನನ್ನ ಹೆಸರೇ ‘ಹೋಪ’ ಆಯಿತು. ಆಮೇಲೆ ನಾನು ಬಾಯಿ ಬದಲಾಯಿಸಿದೆ. ಅಮ್ಮನ ಫೋನ್ ಬಂದರೂ ರೂಮ್‌ಮೇಟ್‌ಗಳ ಎದುರು ಬೆಂಗಳೂರು ಕನ್ನಡದಲ್ಲೇ ಮಾತಾಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಂತ ಮಗಾ, ಹತ್ರ ಯಾರಾರೂ ಇದ್ರಾ?’ ಅಂತ ಮೆಲ್ಲಗೆ ಕೇಳಿದರು. ಈಗಲೂ ಆ ದನಿ ಕಿವಿಯಲ್ಲಿದೆ. ಮಗಳು ಏನೋ ತೊಂದರೆಯಲ್ಲಿದ್ದಾಳೆ ಅಂದುಕೊಂಡಿದ್ದರು ಅಮ್ಮ.

ಈ ದೇಶದಲ್ಲಿ ಮಾತಿನ ಧಾಟಿ ಹಿಡಿದು ಆಡಿಕೊಳ್ಳುವುದು ಇವತ್ತು ನಿನ್ನೆಯದಲ್ಲ. ಬಿಬಿಸಿಯಲ್ಲಿ ಯಾವ ಪದ ಹೇಗೆ ಉಚ್ಚರಿಸಬೇಕು ಅಂತ ಹೇಳಲು 1926ರಲ್ಲೇ ಒಂದು ಸಮಿತಿ ಮಾಡಿದ್ದರು. 1941ರಲ್ಲಿ, ಯುದ್ಧದ ನಡುವೆ, ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ವಿಲ್‌ಫ್ರೆಡ್ ಪಿಕಲ್ಸ್ ರೇಡಿಯೋದಲ್ಲಿ ವಾರ್ತೆ ಓದಿದರು. ಕೊನೆಗೆ ಉತ್ತರ ಇಂಗ್ಲೆಂಡಿನವರಿಗೆ ‘ಗುಡ್ ನೀಟ್’ ಅಂದರು. ನೈಟ್ ಅನ್ನುವುದು ಅವರ ಕಡೆ ನೀಟ್. ಅಷ್ಟಕ್ಕೇ ಜನ ದೂರು ಕೊಟ್ಟರು. ಬಾಂಬು ಬೀಳುತ್ತಿದ್ದ ಕಾಲದಲ್ಲಿ ಅವರಿಗೆ ತಡೆಯಲಾಗದೆ ಹೋದದ್ದು ಒಂದು ಸ್ವರ!

ಅದೆಲ್ಲ ಹಳೆಯ ಕಾಲ ಅಂದುಕೊಳ್ಳಬೇಡಿ. ಇಲ್ಲೇ ಹತ್ತಿರದ ಮಿಡಲ್ಸ್‌ಬರೋ ಕಡೆಯ ಸ್ಟೆಫ್ ಮೆಕ್‌ಗವರ್ನ್ ಬಿಬಿಸಿಯ ಬೆಳಗಿನ ಕಾರ್ಯಕ್ರಮದ ನಿರೂಪಕಿಯಾಗಿದ್ದಾಗ ವೀಕ್ಷಕರೊಬ್ಬರು ಮಾತು ತಿದ್ದಿಸಿಕೊಳ್ಳಲು ಅಂತ 20 ಪೌಂಡ್ ಕಳಿಸಿದ್ದರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆಯುವಾಗ, ಬಿಬಿಸಿ ನಿರೂಪಕಿ ಅಲೆಕ್ಸ್ ಸ್ಕಾಟ್ ಪದಗಳ ಕೊನೆಯ ‘ಗ್’ ನುಂಗುತ್ತಾರೆ, ಕೇಳಲಾಗುವುದಿಲ್ಲ ಅಂತ ಮಾಜಿ ಸಚಿವ ಲಾರ್ಡ್ ಡಿಗ್ಬಿ ಜೋನ್ಸ್ ಬಹಿರಂಗವಾಗಿ ಆಡಿಕೊಂಡರು. ತಾನು ಪೂರ್ವ ಲಂಡನ್ನಿನ ಪಾಪ್ಲರ್‌ನ ದುಡಿಯುವ ಮನೆಯವಳು, ಅದರ ಬಗ್ಗೆ ತನಗೆ ಹೆಮ್ಮೆ ಇದೆ ಅಂತ ಆಕೆ ಉತ್ತರ ಕೊಟ್ಟರು. ಇಂಗ್ಲೆಂಡ್ ಫುಟ್‌ಬಾಲ್ ತಂಡಕ್ಕೆ 140 ಪಂದ್ಯ ಆಡಿದ ಹೆಣ್ಣುಮಗಳು. ಆಟ ಆಡುವಾಗ ಬ್ರಿಟಿಷ್, ಬಾಯಿ ತೆರೆದರೆ ಕಡಿಮೆ ಬ್ರಿಟಿಷಾ?

‘ಸರಿಯಾದ’ ಇಂಗ್ಲಿಷ್ ಅಂತಾರಲ್ಲ, ಊರಿನ ಗುರುತೇ ಇಲ್ಲದ ಆ ಧಾಟಿ, ಅದನ್ನು ಆಡುವವರು ನೂರಕ್ಕೆ ಮೂರು ಜನ ಅಂತ ಪೀಟರ್ ಟ್ರಡ್‌ಗಿಲ್ ಅನ್ನುವ ಭಾಷಾತಜ್ಞರು 1970ರ ದಶಕದಲ್ಲಿ ಅಂದಾಜು ಮಾಡಿದ್ದರು. ನೂರರಲ್ಲಿ ಮೂರು! ಉಳಿದ 97 ಜನ ಎಲ್ಲಿಯವರು ಹಾಗಾದರೆ? 2010ರ ಸಮಾನತೆ ಕಾಯ್ದೆಯಲ್ಲಿ ವಯಸ್ಸು, ಧರ್ಮ, ಲಿಂಗ ಅಂತ ಒಂಬತ್ತು ವಿಷಯಗಳಿಗೆ ರಕ್ಷಣೆ ಇದೆ. ಆ ಪಟ್ಟಿಯಲ್ಲಿ ಆಕ್ಸೆಂಟ್ ಇಲ್ಲ.

ಆಸ್ಪತ್ರೆಯಲ್ಲಿ ಮಾತು ಸ್ಪಷ್ಟವಾಗಿರಬೇಕು, ಜೀವದ ಪ್ರಶ್ನೆ ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ಇರಬೇಕು, ಖಂಡಿತ. ಔಷಧದ ಹೆಸರು, ಡೋಸು ಎಲ್ಲ ನಾವು ಬರೆದೇ ಇಡುತ್ತೇವೆ, ಕೆಲವು ಔಷಧಗಳಿಗೆ ಇಬ್ಬರು ನೋಡಿ ಸಹಿ ಹಾಕುತ್ತೇವೆ. ಒಂದು ಪದ ಗೊತ್ತಾಗದಿದ್ದರೆ ‘ಫೆಮ್ಮರ್ ಅಂದರೇನು?’ ಅಂತ ಕೇಳಿದರೆ ಆಯಿತು. ಎರಡು ಸೆಕೆಂಡಿನ ಕೆಲಸ. ಇವತ್ತು ನಡೆದದ್ದು ಅದಲ್ಲ. ಇವತ್ತು ಅವರು ನಕ್ಕಿದ್ದರಿಂದಲೇ ಅಜ್ಜಿಯ ಕೈ ನಡುಗುವ ವಿಷಯ ಆ ಹುಡುಗಿಯ ಬಾಯಲ್ಲೇ ಉಳಿಯಿತು. ಜೀವದ ಪ್ರಶ್ನೆ ಅಂದರೆ ಇದು.

ಇಲ್ಲಿರುವ ನಮ್ಮವರ ಬಗ್ಗೆಯೂ ಹೇಳಬೇಕು. ನನ್ನ ಮಗಳು ಇಲ್ಲೇ ಹುಟ್ಟಿದವಳು. ಶಾಲೆಗೆ ಸೇರಿದ ಮೇಲೆ ಬಸ್ಸಿಗೆ ‘ಬುಸ್’ ಅನ್ನತೊಡಗಿದಳು. ಒಮ್ಮೆ ನಾನು ಫೋನಿನಲ್ಲಿ ಮಾತಾಡುವಾಗ, ಇಲ್ಲಿಯ ಮಕ್ಕಳು ಅಮ್ಮನನ್ನು ಕರೆಯುವ ಹಾಗೆ ‘ಮ್ಯಾಮ್’ ಅಂತ ಕೂಗಿದಳು. ಆ ಕಡೆ ಫೋನಿನಲ್ಲಿದ್ದ, ದಕ್ಷಿಣ ಇಂಗ್ಲೆಂಡಿನ ಕಡೆ ಇರುವ ನಮ್ಮ ಕನ್ನಡದ ಗೆಳತಿ, ‘ಅಯ್ಯೋ, ಇದೇನೇ ಹೀಗೆ ಮಾತಾಡ್ತಾಳೆ, ಈಗಲೇ ತಿದ್ದು’ ಅಂದಳು. ನಾನು ತಿದ್ದಿದೆ. ಎರಡು ವರ್ಷ ತಿದ್ದಿದೆ. ಊಟದ ತಟ್ಟೆ ಮುಂದೆ ಕೂರಿಸಿಕೊಂಡು ‘ಬಸ್ ಅನ್ನು, ಬಸ್ ಅನ್ನು’ ಅಂತ. ‘ಹೋಪ’ ಅಂತ ಕರೆಸಿಕೊಂಡು ಅತ್ತವಳು ನಾನು, ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಅದನ್ನೇ ಮಾಡಿದೆ. ಇವತ್ತು ಆ ಹುಡುಗಿಯ ಕೆಂಪಾದ ಕಿವಿ ನೋಡಿದಾಗ ಮೊದಲು ನೆನಪಾದದ್ದು ನನ್ನ ಮಗಳ ಮುಖ.

ಪೌರತ್ವಕ್ಕೆ ನಾನು ಬರೆದ ಪರೀಕ್ಷೆಯಲ್ಲಿ 24 ಪ್ರಶ್ನೆ, 45 ನಿಮಿಷ, 18 ಸರಿ ಇದ್ದರೆ ಪಾಸು. ರಾಜರು, ಯುದ್ಧಗಳು, ಪಾರ್ಲಿಮೆಂಟು ಎಲ್ಲ ಬಾಯಿಪಾಠ ಮಾಡಿದ್ದೆ. ಪ್ರಮಾಣವಚನದ ದಿನ ಎದ್ದು ನಿಂತು ನಮಗೆ ಪ್ರತಿಜ್ಞೆ ಹೇಳಿಕೊಟ್ಟ ಅಧಿಕಾರಿ ಇಲ್ಲಿಯವರೇ. ಅಪ್ಪಟ ಜಿಯೋರ್ಡಿ. ಅವರ ಬಾಯಿಂದ ಒಂದೊಂದೇ ಸಾಲು ಕೇಳಿ, ಹಿಂದೆಯೇ ಹೇಳಿ, ನಾನು ಬ್ರಿಟಿಷ್ ಆದೆ. ಆ ದನಿಯನ್ನೇ ಇಂಗ್ಲಿಷ್ ಅಲ್ಲ ಅನ್ನುವವರನ್ನು ನಾನು ಹೇಗೆ ಸಹಿಸಲಿ?

ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕನೇ ಬೆಡ್ಡಿನ ಹತ್ತಿರ ಇದ್ದೆ. ಹುಡುಗಿ ಅಜ್ಜಿಯ ದಿಂಬು ಸರಿಮಾಡುತ್ತಾ, ಆ ಅಳೆದ ದನಿಯಲ್ಲಿ ‘ಆರಾಮಾಗಿದೆಯಾ, ಇನ್ನೇನಾದರೂ ಬೇಕಾ’ ಅಂತ ಕೇಳಿದಳು. ಅಜ್ಜಿ ಉತ್ತರ ಕೊಡಲಿಲ್ಲ. ಅವಳ ಮುಖ ನೋಡಿದರು. ನಡುಗುವ ಕೈ ಎತ್ತಿ ಅವಳ ಹಣೆ ಮುಟ್ಟಿದರು. ‘ಏನಾಯ್ತು ಪೆಟ್, ಹುಷಾರಿಲ್ಲವಾ ನಿನಗೆ?’ ಅಂದರು. ಹುಡುಗಿ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

‘ನೋ, ಆಮ್ ಆಲ್‌ರೀಟ್, ಹಿನ್ನಿ’ ಅಂದಳು.