ರಸೀದಿ ಇದೆ, ಅಕ್ಷರ ಇಲ್ಲ

ರಸೀದಿ ತೋರಿಸಿ ಎಂದರು. ತೋರಿಸಿದೆ. ಕೌಂಟರಿನ ಹುಡುಗ ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೆ ತಿರುಗಿಸಿದ. "ಇದರಲ್ಲಿ ಏನೂ ಇಲ್ವಲ್ಲ ಸಾರ್" ಎಂದ. ಹೌದು, ಇರಲಿಲ್ಲ. ಕೊಟ್ಟಾಗ ಇತ್ತು. ನಿಮಗೂ ಇದು ಆಗಿರುತ್ತದೆ, ಹಾಗಾಗಿ ಪೂರ್ತಿ ಕಥೆ ಬೇಡ. ಕೆಟ್ಟಿದ್ದು ಇಸ್ತ್ರಿ ಪೆಟ್ಟಿಗೆ. ವಾರಂಟಿ ಎರಡು ವರ್ಷ. ರಸೀದಿ ಎಂಟು ತಿಂಗಳಿಗೇ ತೀರಿಕೊಂಡಿತ್ತು.

ಇದನ್ನು ಕಂಡುಹಿಡಿದವರಿಗೆ ಕೈ ಮುಗಿಯಬೇಕು. ಆ ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಒಂದು ರಾಸಾಯನಿಕ ಬಳಿದಿರುತ್ತಾರೆ. ಯಂತ್ರ ಬಿಸಿ ತಾಗಿಸಿದ ಕಡೆ ಅದು ಕಪ್ಪಾಗುತ್ತದೆ, ಅಷ್ಟೇ. ಆಮೇಲೆ ಬಿಸಿಲು ಬಿದ್ದರೆ ಮಾಸುತ್ತದೆ, ಎಣ್ಣೆ ಕೈ ತಾಗಿದರೆ ಮಾಸುತ್ತದೆ. ನಾನು ಜಾಣ, ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಪ್ಲಾಸ್ಟಿಕ್ ಮೆತ್ತಗಾಗಲಿ ಎಂದು ಸೇರಿಸುವ ಕೆಲವು ರಾಸಾಯನಿಕಗಳು ಅಕ್ಷರವನ್ನು ಇನ್ನೂ ಬೇಗ ತಿನ್ನುತ್ತವೆ ಎಂದು ಆಮೇಲೆ ತಿಳಿಯಿತು. ಅಂದರೆ ಜೋಪಾನ ಮಾಡಿದವನದ್ದೇ ಮೊದಲು ಹೋಗುವುದು. ಜೇಬಿನಲ್ಲಿ ಮುದುರಿ ಮರೆತವನದ್ದು ಬಟ್ಟೆ ಒಗೆಯುವಾಗ ಹೋಗುತ್ತದೆ. ಯಾರಿಗೂ ಭೇದ ಮಾಡಿಲ್ಲ.

ಈಗಿನ ಇರಾಕಿನಲ್ಲಿ ಹಿಂದೆ ಬಾಳಿದ ಸುಮೇರಿಯನ್ನರ ಮಣ್ಣಿನ ಹಲಗೆಗಳಲ್ಲಿ ರಸೀದಿಗಳೂ ಇವೆ. ಇಷ್ಟು ಕುರಿ ಬಂತು, ಇಂಥವನು ತೆಗೆದುಕೊಂಡ ಅಂತ ಬರೆದದ್ದು. ಸುಮಾರು 4000 ವರ್ಷ ಆಗಿದೆ, ಈಗಲೂ ಓದಬಹುದು. ಆ ಕುರಿಯಲ್ಲಿ ಇವತ್ತು ಏನಾದರೂ ದೋಷ ಕಂಡರೆ ವಾಪಸ್ ಕೊಡಲು ದಾಖಲೆ ಇದೆ. ನನ್ನ ಹತ್ತಿರ ಇಲ್ಲ.

ಬರಿಗೈಲಿ ವಾಪಸ್ ಬಂದವನು ಸಿಟ್ಟಿಗೆ ನಿಘಂಟು ತೆಗೆದೆ. ರಸೀದಿ ಪಾರಸಿಯಿಂದ ಬಂದ ಪದ. ಅಲ್ಲಿ 'ರಸೀದ್' ಅಂದರೆ 'ತಲುಪಿತು'. ಇಂಗ್ಲಿಷಿನ ರಿಸೀಟ್ ಲ್ಯಾಟಿನ್ ಮೂಲದ್ದು, 'ಪಡೆದದ್ದು' ಅಂತ ಅರ್ಥ. ಅದರ ಸ್ಪೆಲ್ಲಿಂಗಿನಲ್ಲಿ ಒಂದು 'ಪಿ' ಇದೆ, ಯಾರೂ ಉಚ್ಚರಿಸುವುದಿಲ್ಲ. ಲ್ಯಾಟಿನ್ ಬೇರು ಎದ್ದು ಕಾಣಲಿ ಅಂತ ಪಂಡಿತರು ಸೇರಿಸಿದ್ದು. ನೋಡುವುದಕ್ಕೆ ಇದೆ, ಕೆಲಸಕ್ಕಿಲ್ಲ. ವಾರಂಟಿ ಕಾರ್ಡಿನ ಹಾಗೆ. ಇನ್ನು ಮರಾಠಿಯಲ್ಲಿ 'ಪಾವತಿ' ಅಂದರೆ ರಸೀದಿ. ನಮ್ಮಲ್ಲಿ ಪಾವತಿ ಅಂದರೆ ದುಡ್ಡು ಕಟ್ಟುವುದು. ಕಟ್ಟುವ ಕೆಲಸ ನಾವು ಇಟ್ಟುಕೊಂಡೆವು, ರಸೀದಿಯನ್ನು ಅವರಿಗೇ ಬಿಟ್ಟೆವು.

ಬಿಲ್ ಕಥೆ ಇನ್ನೊಂದು. ದುಡ್ಡು ಕೊಡಿ ಅನ್ನುವ ಚೀಟಿಗೂ ಬಿಲ್ ಅನ್ನುತ್ತೇವೆ, ಕೊಟ್ಟಾಯಿತು ಅನ್ನುವ ಚೀಟಿಗೂ ಬಿಲ್ಲೇ. ಆದರೆ ಕಟ್ಟಬೇಕಾದ ಬಿಲ್ ಯಾವತ್ತೂ ಮಾಸಿದ್ದಿಲ್ಲ, ಗಮನಿಸಿದ್ದೀರಾ? ಮರೆತರೆ ಮೆಸೇಜ್ ಮೇಲೆ ಮೆಸೇಜ್.

ಅಲ್ಲ, 'ತಲುಪಿತು' ಅಂತ ಹೇಳಿದ್ದು ಯಾರು? ದುಡ್ಡು ಯಾರಿಗೆ ತಲುಪಿತೋ ಅವರು. ರಸೀದಿ ಅಂದರೆ ಅಂಗಡಿಯವರು ಒಪ್ಪಿಕೊಂಡ ಮಾತು. ಅವರು ಆಡಿದ ಮಾತನ್ನು ನಾನು ಎರಡು ವರ್ಷ ಬೀರುವಿನಲ್ಲಿಟ್ಟು ಕಾಯಬೇಕು. ಅದು ಅಳಿಸಿಹೋದರೆ ಸುಳ್ಳುಗಾರ ನಾನು.

"ಕಂಪ್ಯೂಟರಿನಲ್ಲಿ ನೋಡಪ್ಪ, ಅವತ್ತು ನನ್ನ ಫೋನ್ ನಂಬರ್ ತಗೊಂಡಿದ್ರಲ್ಲ" ಎಂದಿದ್ದೆ. "ಅದು ಆಫರ್ ಕಳಿಸೋಕೆ ಸಾರ್" ಎಂದ. ನನ್ನ ಹುಟ್ಟುಹಬ್ಬ ಅವರಿಗೆ ಗೊತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಶುಭಾಶಯ ಅವರದ್ದೇ. ನಾನು ಸಾಮಾನು ಕೊಂಡ ದಿನ ಮಾತ್ರ ಗೊತ್ತಿಲ್ಲ. ಇಲ್ಲಿ ತಮಾಷೆ ಮಾಡಲು ನನಗೆ ಆಗುತ್ತಿಲ್ಲ. ಲೆಕ್ಕ ಅವರ ಹತ್ತಿರ ಇದೆ. ಯಾವ ದಿನ ಎಷ್ಟು ವ್ಯಾಪಾರ ಆಯಿತು ಅಂತ ಪೈಸೆ ಪೈಸೆಗೂ ಇದೆ. ಹುಡುಕಿ ಕೊಡುವ ಮನಸ್ಸಿಲ್ಲ. ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಹೇಳಿಕೊಟ್ಟಿದ್ದು 'ರಸೀದಿ ತೋರಿಸಿ' ಅನ್ನುವ ಒಂದೇ ವಾಕ್ಯ. ದಿನವಿಡೀ ಅದನ್ನೇ ಹೇಳಿ ಅವನಿಗೂ ಸಾಕಾಗಿದೆ, ಕೇಳಿ ನಮಗೂ ಸಾಕಾಗಿದೆ.

ಡಿಜಿಟಲ್ ರಸೀದಿ ತಗೊಳ್ಳಿ, ಮರ ಉಳಿಯುತ್ತದೆ ಅನ್ನುತ್ತಾರೆ. ಒಳ್ಳೆಯದೇ. ಫ್ರಾನ್ಸ್‌ನಲ್ಲಿ 2023ರ ಆಗಸ್ಟ್‌ನಿಂದ ಬಹುತೇಕ ಖರೀದಿಗೆ ಕೇಳಿದರಷ್ಟೇ ಕಾಗದದ ರಸೀದಿ. ನಾನೂ ಒಮ್ಮೆ ತಗೊಂಡೆ. ಫೋನಿಗೆ ಒಂದು ಲಿಂಕ್ ಬಂತು. ಬೇಕಾದ ದಿನ ಒತ್ತಿದರೆ ಲಿಂಕಿನ ಅವಧಿ ಮುಗಿದಿದೆ ಎಂದಿತು. ಮರ ಉಳಿಯಿತು.

ಕೊನೆಗೆ ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟಿದ್ದಾನೆ. ಅಕ್ಷರ ಹೋದ ರಸೀದಿಗೆ ಹದವಾಗಿ ಬಿಸಿ ತಾಗಿಸಿದರೆ ಕೆಲವೊಮ್ಮೆ ಮತ್ತೆ ಕಾಣುತ್ತದಂತೆ. ಜಾಸ್ತಿ ಏನೂ ಬೇಡ, ಮನೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಇದ್ದರೆ ಸಾಕಂತೆ.