ಬಾಂಡೈ ಬಿಟ್ಟು ಕ್ಲೊವೆಲಿಗೆ ಬನ್ನಿ, ಆದರೆ ಈಜು ಕಲಿತು ಬನ್ನಿ

ಊರಿಂದ ಯಾರೇ ಸಿಡ್ನಿಗೆ ಬರಲಿ, ಮೊದಲು ಕೇಳುವುದು ಬಾಂಡೈ ಬೀಚ್. ಕರೆದುಕೊಂಡು ಹೋಗುತ್ತೇವೆ. ಪ್ಯಾಂಟು ಮಡಚಿ ಮೊಣಕಾಲು ಮುಳುಗುವಷ್ಟು ನೀರಿಗಿಳಿದು, ಫೋಟೋ ತೆಗೆಸಿಕೊಂಡು, ಡಬ್ಬಿಯಲ್ಲಿ ತಂದ ಪುಳಿಯೋಗರೆ ತಿಂದು ವಾಪಸ್. ತಪ್ಪೇನಿಲ್ಲ. ಆದರೆ ಅಲ್ಲಿಂದ ದಕ್ಷಿಣಕ್ಕೆ ಕಡಲಂಚಿನ ಕಾಲುದಾರಿ ಹಿಡಿದು ಟಮರಾಮ, ಬ್ರಾಂಟಿ, ವೇವರ್ಲಿ ಸ್ಮಶಾನ ದಾಟಿದರೆ ಕ್ಲೊವೆಲಿ ಸಿಗುತ್ತದೆ. ನಡೆಯಲು ಬೇಜಾರಾದರೆ ಸಿಡ್ನಿ ಪೇಟೆಯ ಕಡೆಯಿಂದ 339 ನಂಬರಿನ ಬಸ್ಸಿದೆ. ನನ್ನ ಪ್ರಕಾರ ಈ ಊರಿನವರು ಕಡಲಿನ ಜೊತೆ ಹೇಗೆ ಬದುಕುತ್ತಾರೆ ಅಂತ ನೋಡಬೇಕಾದ್ದು ಅಲ್ಲಿ.

ಮೊದಲ ನೋಟಕ್ಕೆ ಇದೇನು ಬೀಚ್ ಅನಿಸಬಹುದು. ಬಂಡೆಗಳ ನಡುವೆ ಒಳನುಗ್ಗಿದ ಕಿರಿದಾದ ಕೊಲ್ಲಿ. ತುದಿಯಲ್ಲಿ ಒಂದು ಹಿಡಿ ಮರಳು, ಎರಡೂ ಬದಿಗೆ ಉದ್ದಕ್ಕೂ ಕಾಂಕ್ರೀಟ್ ಕಟ್ಟೆ, ನೀರಿಗಿಳಿಯಲು ಮೆಟ್ಟಿಲು. ನಮ್ಮ ದೇವಸ್ಥಾನದ ಪುಷ್ಕರಣಿಗೆ ಒಂದು ಕಡೆಯಿಂದ ಸಮುದ್ರ ಬಿಟ್ಟ ಹಾಗೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ದುಡಿಮೆ ಕೊಡಲು ಕಟ್ಟಿಸಿದ್ದಂತೆ. ಕೊಲ್ಲಿಯ ಬಾಯಿಗೆ ಅಡ್ಡವಾಗಿ ಒಡ್ಡನ್ನೂ ಕಟ್ಟುತ್ತಿದ್ದರು, 1938ರ ಬಿರುಗಾಳಿ ಅದನ್ನು ಕೆಡವಿ ಹಾಕಿತು. ಅದರ ಉಳಿಕೆ ಈಗಲೂ ನೀರಿನಡಿ ಇದೆ. ದೊಡ್ಡ ಅಲೆಗಳು ಅಲ್ಲೇ ಮುರಿಯುವುದರಿಂದ ಒಳಗಿನ ನೀರು ಹೆಚ್ಚಿನ ದಿನ ಶಾಂತ.

ವಾರದ ದಿನ ಬೆಳಗ್ಗೆ ಹೋಗಿ. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ಟವೆಲ್ ಕಟ್ಟೆಯ ಮೇಲಿಟ್ಟು, ಸುಮ್ನೆ ಇಳಿದು, ಆ ತುದಿಗೆ ಈಜಿ ಬಂದು, ಮೈ ಒರೆಸಿಕೊಂಡು ಮನೆಗೆ ಹೋಗುತ್ತಾರೆ. ನಾವು ವಾಕಿಂಗ್ ಹೋಗುತ್ತೇವಲ್ಲ, ಅಷ್ಟೇ ಸಾಮಾನ್ಯವಾಗಿ. ಚಳಿಗಾಲದಲ್ಲೂ ಬಿಡುವುದಿಲ್ಲ. ನೀರಿನಡಿ ಬ್ಲೂ ಗ್ರೋಪರ್ ಅನ್ನುವ ದೊಡ್ಡ ನೀಲಿ ಮೀನು ಜನರ ಪಕ್ಕದಲ್ಲೇ ಓಡಾಡುತ್ತದೆ, ಹೆದರುವುದೇ ಇಲ್ಲ. ಈ ರಾಜ್ಯದಲ್ಲಿ ಅದನ್ನು ಈಟಿಯಿಂದ ಹೊಡೆಯುವುದಕ್ಕೆ 1969ರಿಂದಲೇ ನಿಷೇಧ. ಕರಾವಳಿಯವನಾದ ನನಗೆ ಅಷ್ಟು ಗಾತ್ರದ ಮೀನು ನೋಡಿದ ಕೂಡಲೇ ಬೇರೆ ಯೋಚನೆ ಬರುತ್ತದೆ, ಅದು ಬೇರೆ ಮಾತು.

ಈ ಜಾಗ ಸದ್ದಿಲ್ಲದೆ ಇರುವುದಕ್ಕೆ ಇಲ್ಲಿನವರು ಸಭ್ಯರು, ನಮ್ಮವರು ಗಲಾಟೆಯವರು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಲ್ಲೂ ಶಾಂತ ಕಡಲತೀರ ಬೇಕಷ್ಟಿವೆ. ಕಾಪುವಿನಿಂದ ಹೆಜಮಾಡಿವರೆಗೆ ಮೀನುಗಾರರ ಮನೆಗಳ ಹಿಂದೆ ಹೋದರೆ ದೋಣಿ, ಬಲೆ, ಅದೃಷ್ಟವಿದ್ದರೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರು, ಅಷ್ಟೇ. ಆ ಕಡಲು ದುಡಿಮೆಯದ್ದು. ಉಳಿದ ನಮಗೆಲ್ಲ ಕಡಲು ಅಂದರೆ ವರ್ಷಕ್ಕೊಮ್ಮೆಯ ಪ್ರವಾಸ. ಬಸ್ಸಿಳಿದ ಕೂಡಲೇ ಓಡಿ ನೀರಿಗೆ ಬೀಳುತ್ತೇವೆ, ಯಾಕೆಂದರೆ ಸಂಜೆಯೊಳಗೆ ಆಸೆ ತೀರಬೇಕು. ಗಲಾಟೆ ಹುಟ್ಟುವುದು ಅಲ್ಲಿ. ದಿನಾ ಇಳಿಯುವವನು ಯಾಕೆ ಕಿರುಚಾಡುತ್ತಾನೆ, ಅಲ್ವಾ?

ಇನ್ನೊಂದು, ಇದು ಜಾಸ್ತಿ ಮುಖ್ಯ: ಇಲ್ಲಿನವರಿಗೆ ಈಜು ಬರುತ್ತದೆ. ಪ್ರೈಮರಿ ಶಾಲೆಯಲ್ಲೇ ಹತ್ತು ದಿನದ ಈಜು ತರಬೇತಿ ಕೊಡುತ್ತಾರೆ. ಐದು ವರ್ಷ ತುಂಬಿದ ಮಕ್ಕಳನ್ನು ರಜಾದಿನ ಬೆಳಗ್ಗೆ ಬೀಚಿನ ಕ್ಲಬ್ಬುಗಳು 'ನಿಪ್ಪರ್ಸ್' ಅಂತ ಸೇರಿಸಿಕೊಂಡು ಅಲೆ, ಸೆಳೆತ, ಬಾವುಟ ಎಲ್ಲ ಕಲಿಸುತ್ತವೆ. ಕಾವಲಿನವರು ನೆಟ್ಟ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು ಅನ್ನುವುದು ಇಲ್ಲಿ ಮಗುವಿಗೂ ಗೊತ್ತು. ನಮಗೆ? ಹಳ್ಳಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದ ಕಾಲ ಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಎಂಜಿನಿಯರಾಗಿ, ಸಾಲ ಮಾಡಿ ಮನೆ ತೆಗೆದುಕೊಂಡು, ಕಡಲ ದೇಶಕ್ಕೇ ಬಂದು ಕೂತ ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ? 2024ರ ಜನವರಿಯಲ್ಲಿ ಮೆಲ್ಬರ್ನ್ ಹತ್ತಿರದ ಫಿಲಿಪ್ ಐಲ್ಯಾಂಡಿನಲ್ಲಿ, ಕಾವಲಿಲ್ಲದ ಬೀಚಿನಲ್ಲಿ, ಭಾರತ ಮೂಲದ ನಾಲ್ವರು ಮುಳುಗಿ ಸತ್ತರು. ಅದೇ ವರ್ಷ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು. ಸುದ್ದಿ ಓದಿ ಎರಡು ದಿನ ಮರುಗಿದೆವು. ಮುರುಡೇಶ್ವರದಲ್ಲಿ ಬೀಚಿಗೆ ಬೀಗ ಹಾಕಿದರು. ಮಕ್ಕಳಿಗೆ ಈಜು ಕಲಿಸೋಣ ಅನ್ನುವ ಮಾತು ಮಾತ್ರ ಎಲ್ಲೂ ಜೋರಾಗಿ ಕೇಳಲಿಲ್ಲ.

ಹಾಗಂತ ಊರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಯಾರೋ ಮುಳುಗುತ್ತಿದ್ದಾರೆ ಅಂದರೆ ಮೊದಲು ಹಾರುವವರು ಆಸುಪಾಸಿನ ಮೀನುಗಾರ ಹುಡುಗರೇ. ಅವರಿಗೆ ಸಂಬಳವಿಲ್ಲ, ಮುಳುಗುವವರನ್ನು ಎತ್ತಿ ತರುವ ತೇಲುಹಲಗೆ (ರೆಸ್ಕ್ಯೂ ಬೋರ್ಡು) ಇಲ್ಲ, ತರಬೇತಿಯಿಲ್ಲ. ಇಲ್ಲೂ ಶನಿವಾರ ಭಾನುವಾರ ಕಾವಲು ನಿಲ್ಲುವವರು ಬಿಟ್ಟಿ ಸ್ವಯಂಸೇವಕರೇ. ಆದರೆ ಅವರ ಬೆನ್ನ ಹಿಂದೆ ಒಂದು ಕ್ಲಬ್ ಇದೆ, ಕ್ಲೊವೆಲಿಯದ್ದು 1907ರಿಂದ ಇದೆ. ನಮ್ಮ ಹುಡುಗರಿಗೆ ಹಾಗೊಂದು ಕಟ್ಟಡ, ನಾಲ್ಕು ರೆಸ್ಕ್ಯೂ ಬೋರ್ಡು, ತಿಂಗಳಿಗಿಷ್ಟು ಗೌರವಧನ ಕೊಟ್ಟರೆ ಅವರೇ ಊರ ಮಕ್ಕಳಿಗೆ ಕಲಿಸಿಯಾರು. 'ಐ ಲವ್' ಅಂತ ದೊಡ್ಡ ಅಕ್ಷರ ನಿಲ್ಲಿಸುವುದಕ್ಕೆ, ಜೆಟ್‌ಸ್ಕಿ ಬಿಡುವುದಕ್ಕೆ ದುಡ್ಡು ಸಿಗುತ್ತದೆ, ಇದಕ್ಕೆ ಸಿಗದೇ? ಪಡುಬಿದ್ರೆ, ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಸಂತೋಷ. ಸ್ವಚ್ಛವೂ ಇವೆ. ಆದರೆ ಟಿಕೆಟ್ ಕೊಟ್ಟು ನೋಡಿ ಬರುವ ಬೀಚು ಬೇರೆ, ಪಕ್ಕದ ಬೀದಿಯವರು ದಿನಾ ಈಜುವ ಬೀಚು ಬೇರೆ. ನಮ್ಮ ಕರಾವಳಿಯಲ್ಲಿ ಇಂಥ ಕೊಲ್ಲಿಗಳು ಕಡಿಮೆ, ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ, ಅದೂ ಗೊತ್ತು. ಆದರೂ ಡಿಸೆಂಬರಿನಿಂದ ಮಾರ್ಚ್‌ವರೆಗಾದರೂ ಆಗಬಹುದಲ್ಲ.

ಹೆಂಗಸರ ವಿಷಯ ಹೇಳದಿದ್ದರೆ ಮನೆಗೆ ಹೋಗುವಂತಿಲ್ಲ. ನಮ್ಮ ಬೀಚಿನಲ್ಲಿ ಒದ್ದೆ ಚೂಡಿದಾರದಲ್ಲಿ ನಿಂತವಳನ್ನು ಹತ್ತು ಜನ ನೋಡುತ್ತಾರೆ, ಇನ್ನು ಈಜುಡುಗೆಯ ಮಾತೆಲ್ಲಿ. ಕ್ಲೊವೆಲಿಯಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಆದರೂ ಸಂಕೋಚವಿದ್ದರೆ ಮುಂದೆ ಕೂಜಿಯಲ್ಲಿ ಮೆಕೈವರ್ಸ್ ಅಂತ ಬಂಡೆಯ ಈಜುಕೊಳವಿದೆ. ಹೆಂಗಸರಿಗೆ, ಚಿಕ್ಕ ಮಕ್ಕಳಿಗೆ ಮಾತ್ರ, ಹತ್ತೊಂಬತ್ತನೇ ಶತಮಾನದಿಂದಲೂ. ನನ್ನ ಹೆಂಡತಿಗೆ ನೀರಿನ ಹೆದರಿಕೆ ಬಿಟ್ಟದ್ದು ಅಲ್ಲಿ. ನಾನು ಹೊರಗೆ ಬೆಂಚಿನ ಮೇಲೆ ಬ್ಯಾಗು ಕಾಯುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ನಮ್ಮ ಕನ್ನಡದ ಗೆಳೆಯರ ಪಿಕ್ನಿಕ್ಕನ್ನು ಕ್ಲೊವೆಲಿಯಲ್ಲೇ ಇಡೋಣ, ಅದಕ್ಕೆ ಮೊದಲು ದೊಡ್ಡವರೆಲ್ಲ ಒಂದು ಟರ್ಮ್ ಈಜು ಕ್ಲಾಸಿಗೆ ಸೇರೋಣ ಅಂತ ಹೇಳಿ ನೋಡಿದೆ. ಪ್ಯಾರಾಮಟ್ಟಾದಿಂದ ಅಷ್ಟು ದೂರ ಯಾರು ಬರುತ್ತಾರೆ, ಭಾನುವಾರ ಪಾರ್ಕಿಂಗ್ ಎಲ್ಲಿ ಸಿಗುತ್ತದೆ ಅಂದರು. ಪಾರ್ಕಿಂಗ್ ವಿಷಯದಲ್ಲಿ ಅವರು ಹೇಳಿದ್ದು ನಿಜ. ಕ್ಲಾಸಿಗೆ ಇಬ್ಬರು ಹೆಸರು ಕೊಟ್ಟಿದ್ದಾರೆ.